ಯಾರ ಮುಂದೆ ಓದುತ್ತೇವೆ: ಗೆಳೆಯನಿಗೊಂದು ಪತ್ರ

ಕೊಪ್ಪಳ

ಪ್ರಿಯ ಗೆಳೆಯ,

ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ದೇವರ ಮಾತೆಂದು ಜನರು ಕಣ್ಣಿಗೊತ್ತಿಕೊಳ್ಳುವ ಗ್ರಂಥಗಳಲ್ಲಿ ಇಷ್ಟೊಂದು ರಕ್ತ ಹರಿದಿರುವಾಗ, ಅವುಗಳನ್ನು ನಂಬಿ ಬದುಕುವ ನನ್ನಂಥವರು ಅದನ್ನು ಹೇಗೆ ಅರಗಿಸಿಕೊಳ್ಳುತ್ತೇವೆ ಎಂದು ಕೇಳಿರುವೆ. ಪಂಡಿತರು ಕೊಡುವ ಅರ್ಥವಿವರಣೆಗಳೆಲ್ಲ ಕೊನೆಗೆ ತಪ್ಪಿಸಿಕೊಳ್ಳುವ ದಾರಿಗಳೇ ಅಲ್ಲವೇ ಎಂದೂ ಕೇಳಿರುವೆ. ನೀನು ನಂಬಿಕೆಯನ್ನು ಬಿಟ್ಟು ದೂರ ಹೋದವನು, ನಾನು ಇಂದಿಗೂ ಲಿಂಗಪೂಜೆಯಾಗದೆ ಊಟಕ್ಕೆ ಕೂರದವನು. ಆದರೂ ಈ ಪ್ರಶ್ನೆ ನಿನ್ನನ್ನು ಕಾಡುವುದಕ್ಕಿಂತ ನನ್ನನ್ನು ಹೆಚ್ಚು ಕಾಡುತ್ತದೆ, ಏಕೆಂದರೆ ಆ ಗ್ರಂಥಗಳ ಮೇಲೆ ನಿನಗೆ ಪ್ರೀತಿ ಉಳಿದಿಲ್ಲ, ನನಗೆ ಉಳಿದಿದೆ.

ನಮ್ಮದರಿಂದಲೇ ಆರಂಭಿಸುತ್ತೇನೆ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಮಹಾನವಮಿಗೆ ದೇವಿ ಪುರಾಣ ಹಚ್ಚುವುದು ನಿನಗೆ ಗೊತ್ತೇ ಇದೆ. ಸಿಂಧನೂರು ತಾಲ್ಲೂಕಿನ ಅಂಬಾಮಠದ ಚಿದಾನಂದ ಅವಧೂತರು ಷಟ್ಪದಿಯಲ್ಲಿ ಕಟ್ಟಿದ ಆ ಪುರಾಣವನ್ನು ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಮಹಿಷಾಸುರ, ಚಂಡ ಮುಂಡರು, ಶುಂಭ ನಿಶುಂಭರು ಒಬ್ಬರಾದ ಮೇಲೊಬ್ಬರು ಬೀಳುತ್ತಾರೆ. ನೆಲಕ್ಕೆ ಬಿದ್ದ ಒಂದೊಂದು ಹನಿಯಿಂದಲೂ ಹೊಸ ರಾಕ್ಷಸ ಹುಟ್ಟುವ ರಕ್ತಬೀಜನ ರಕ್ತವನ್ನು ಕಾಳಿ ನೆಲ ಮುಟ್ಟಗೊಡದೆ ಕುಡಿಯುತ್ತಾಳೆ. ಕೇಳುತ್ತ ಕುಳಿತ ಹೆಂಗಸರು, ಮಕ್ಕಳು, ಹೊಲದ ಕೆಲಸ ಮುಗಿಸಿ ಬಂದ ಆಳುಮಕ್ಕಳು ಯಾರೂ ಕೊಲ್ಲುವ ಆಸೆ ಹೊತ್ತು ಮನೆಗೆ ಹೋಗುವುದಿಲ್ಲ. ಅವರ ಪಾಲಿಗೆ ಅದು ತಮ್ಮನ್ನು ಕಾಯುವ ತಾಯಿಯ ಕತೆ. ಕೂಸಿನ ಜ್ವರ, ಸಾಲ ಕೊಟ್ಟವನ ಬೈಗುಳ, ಕುಡಿದು ಬರುವ ಗಂಡನ ಏಟು ಎಲ್ಲವೂ ಆ ರಾಕ್ಷಸರ ಸಾಲಿನಲ್ಲಿ ನಿಲ್ಲುತ್ತವೆ. ಗ್ರಂಥವನ್ನು ಮಾತ್ರ ಓದಿ, ಅದನ್ನು ಕೇಳುವವರ ಮುಖ ನೋಡದೆ ತೀರ್ಪು ಕೊಡುವವರು ಈ ಸಂಗತಿಯನ್ನು ಬಿಟ್ಟುಬಿಡುತ್ತಾರೆ ಎಂಬುದು ನನ್ನ ಮೊದಲ ಆಕ್ಷೇಪ.

ಆದರೆ ಅಲ್ಲಿಗೇ ನಿಂತರೆ ನಿನ್ನ ಪ್ರಶ್ನೆಗೆ ಅನ್ಯಾಯವಾಗುತ್ತದೆ. ಸಂಸ್ಕೃತದ ದೇವೀಮಾಹಾತ್ಮ್ಯವೇ ಈ ಕೊಲೆಗಳ ಬಗ್ಗೆ ಸುಮ್ಮನಿರಲಾರದೆ ಹೋಗಿದೆ. ನಾಲ್ಕನೆಯ ಅಧ್ಯಾಯದಲ್ಲಿ ದೇವತೆಗಳು ದೇವಿಯನ್ನು ಸ್ತುತಿಸುತ್ತ, ಬರಿಯ ನೋಟದಿಂದಲೇ ಅಸುರರನ್ನು ಬೂದಿ ಮಾಡಬಲ್ಲ ನೀನು ಶಸ್ತ್ರ ಎತ್ತಿದ್ದು, ಶಸ್ತ್ರದಿಂದ ಪವಿತ್ರರಾಗಿ ಶತ್ರುಗಳೂ ಒಳ್ಳೆಯ ಲೋಕಗಳಿಗೆ ಹೋಗಲಿ ಎಂಬ ಸದ್ಬುದ್ಧಿಯಿಂದ ಎನ್ನುತ್ತಾರೆ. ಚಿತ್ತದಲ್ಲಿ ಕೃಪೆ, ಸಮರದಲ್ಲಿ ನಿಷ್ಠುರತೆ ಎರಡೂ ನಿನ್ನಲ್ಲಿ ಮಾತ್ರ ಒಟ್ಟಿಗೆ ಕಂಡವು ಎನ್ನುತ್ತಾರೆ. ಸತ್ತವನ ಗತಿ ಏನಾಯಿತು ಎಂಬ ಪ್ರಶ್ನೆ ದೇವರ ಯುದ್ಧದಲ್ಲಿಯೂ ಏಳುತ್ತದೆ ಎಂದು ಆ ಕವಿ ಅರಿತಿದ್ದ, ಮತ್ತು ಉತ್ತರ ಹೇಳುವ ಹೊಣೆಯನ್ನು ಹೊತ್ತ. ಇದು ನನಗೆ ದೊಡ್ಡದಾಗಿ ಕಾಣುತ್ತದೆ. ಅದೇ ಮಾತನ್ನು ಮನುಷ್ಯನೊಬ್ಬ ಮನುಷ್ಯನಿಗೆ, ನಿನ್ನ ಒಳಿತಿಗಾಗಿಯೇ ನಿನ್ನನ್ನು ಕೊಲ್ಲುತ್ತೇನೆ ಎಂದು ಹೇಳಿದರೆ ಅದಕ್ಕಿಂತ ಭಯಂಕರವಾದದ್ದು ಇನ್ನೊಂದಿಲ್ಲ.

ಈ ಅಪಾಯವನ್ನು ದಾಟಲು ನಂಬುವವರು ಹಿಡಿದ ಬಹಳ ಹಳೆಯ ದಾರಿಯೆಂದರೆ ಯುದ್ಧವನ್ನು ಮನಸ್ಸಿನೊಳಗೆ ತಂದುಕೊಳ್ಳುವುದು. ಮಧ್ವಾಚಾರ್ಯರು ಮಹಾಭಾರತದ ತಾತ್ಪರ್ಯವನ್ನು ನಿರ್ಣಯಿಸುವಾಗ, ನಡೆದ ಕತೆಯ ಜೊತೆಗೆ ಒಳಗಿನ ಅರ್ಥವೂ ಇದೆಯೆಂದು ಹೇಳಿ, ದ್ರೌಪದಿಯಲ್ಲಿ ವಿದ್ಯೆಯನ್ನೂ ದುರ್ಯೋಧನನಲ್ಲಿ ಅಜ್ಞಾನವನ್ನೂ ಶಕುನಿಯಲ್ಲಿ ನಾಸ್ತಿಕ್ಯವನ್ನೂ ಕಂಡರು. ಮೂರನೆಯ ಶತಮಾನದ ಕ್ರೈಸ್ತ ವಿದ್ವಾಂಸ ಒರಿಜೆನ್, ಬೈಬಲಿನಲ್ಲಿ ಇಸ್ರಾಯೇಲರ ನಾಯಕ ಯೆಹೋಶುವನು ಕಾನಾನ್ ನಾಡಿನ ಪಟ್ಟಣಗಳನ್ನು ನಿರ್ನಾಮ ಮಾಡಿದ ಅಧ್ಯಾಯಗಳನ್ನು ಬೋಧಿಸುವಾಗ, ಅಲ್ಲಿ ಸತ್ತ ರಾಜರನ್ನು ನಮ್ಮೊಳಗಿನ ದುರ್ಗುಣಗಳೆಂದು ತಿಳಿಯಬೇಕು ಎಂದ. ಎಷ್ಟೋ ಜನರ ಕೈಯಿಂದ ಕತ್ತಿಯನ್ನು ಇಳಿಸಿದ ಓದು ಇದು. ಆದರೆ ಹಾಗೆ ನಿರ್ನಾಮವಾದ ಯೆರಿಕೋ ಪಟ್ಟಣದ ಕೂಸು ಒಂದು ದುರ್ಗುಣವಾದ ಕ್ಷಣದಲ್ಲಿ ಅದರ ಅಳು ನಮಗೆ ಕೇಳಿಸದೆ ಹೋಗುತ್ತದೆ. ಅಷ್ಟೇ ಅಲ್ಲ, ಈ ಬಾಗಿಲು ಎರಡೂ ಕಡೆಗೆ ತೆರೆಯುತ್ತದೆ. ರಾಕ್ಷಸನೆಂದರೆ ದುರ್ಗುಣ ಎಂದು ಕಲಿತವನು, ನಾಳೆ ತನಗಾಗದ ನೆರೆಯವನಲ್ಲಿ ಆ ದುರ್ಗುಣವನ್ನು ಕಂಡು ಅವನನ್ನೇ ರಾಕ್ಷಸನೆಂದು ಕರೆಯಲು ಅಡ್ಡಿಯೇನೂ ಉಳಿಯುವುದಿಲ್ಲ. ಹಾಗೆ ಕರೆಯುವುದನ್ನು ನೀನೂ ನಾನೂ ವೇದಿಕೆಗಳ ಮೇಲೆ ಕೇಳಿದ್ದೇವೆ.

ಇನ್ನೊಂದು ದಾರಿ, ಆಜ್ಞೆಯನ್ನು ಅದರ ಕಾಲಕ್ಕೂ ಸಂದರ್ಭಕ್ಕೂ ಕಟ್ಟಿಹಾಕುವುದು. ಕುರಾನಿನ 9ನೆಯ ಅಧ್ಯಾಯದ 5ನೆಯ ವಚನವನ್ನು, ಬಹುದೇವಾರಾಧಕರನ್ನು ಕಂಡಲ್ಲಿ ಕೊಲ್ಲಿರಿ ಎಂಬಲ್ಲಿಗೆ ಕತ್ತರಿಸಿ ಉದ್ಧರಿಸುವವರು ಎರಡು ಕಡೆಗಳಲ್ಲಿಯೂ ಇದ್ದಾರೆ: ಆ ಧರ್ಮವನ್ನು ದ್ವೇಷಿಸುವವರಲ್ಲಿ, ಅದರ ಹೆಸರಿನಲ್ಲಿ ಬಂದೂಕು ಹಿಡಿದವರಲ್ಲಿ. ಅದರ ಹಿಂದಿನ ವಚನ ಒಪ್ಪಂದ ಮುರಿಯದವರನ್ನು ಹೊರತುಪಡಿಸುತ್ತದೆ. ಮುಂದಿನ ವಚನ ಅವರಲ್ಲೊಬ್ಬ ಆಶ್ರಯ ಕೇಳಿದರೆ ಕೊಡಬೇಕು, ಅವನನ್ನು ಸುರಕ್ಷಿತ ಸ್ಥಳಕ್ಕೆ ಮುಟ್ಟಿಸಬೇಕು ಎನ್ನುತ್ತದೆ. ಹಳೆಯ ವ್ಯಾಖ್ಯಾನಕಾರರಲ್ಲಿ ಕೆಲವರು ಈ ವಚನ ಶಾಂತಿಯ ವಚನಗಳನ್ನು ರದ್ದುಮಾಡಿತು ಎಂದರು, ಬೇರೆಯವರು ಅದು ಮಾತಿಗೆ ತಪ್ಪಿದ ಶತ್ರುಗಳಿಗಷ್ಟೇ ಸಂಬಂಧಿಸಿದ್ದು ಎಂದು ವಾದಿಸಿದರು. ಸುಡಾನಿನ ಮುಸ್ಲಿಂ ಚಿಂತಕ ಮಹಮೂದ್ ಮೊಹಮ್ಮದ್ ತಾಹಾ ಅವರು ಇನ್ನೂ ಮುಂದೆ ಹೋಗಿ, ಪ್ರವಾದಿಗೆ ಮೊದಲು ಮೆಕ್ಕಾದಲ್ಲಿ ಬಂದ ಸಂದೇಶವೇ ನಿತ್ಯವಾದದ್ದು, ಆಮೇಲಿನ ಮದೀನಾದ ಕಾಲದ ಕಟ್ಟಳೆಗಳು ಆ ಕಾಲಕ್ಕೆ ಸಂದವು ಎಂದರು. 1985ರಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಅರ್ಥವಿವರಣೆ ತಪ್ಪಿಸಿಕೊಳ್ಳುವ ದಾರಿ ಎಂದು ಬರೆಯುವಾಗ ನೀನು ಅವರನ್ನು ನೆನೆಯಬೇಕು. ಅವರಿಗೆ ಆ ದಾರಿಯಲ್ಲಿ ತಪ್ಪಿಸಿಕೊಳ್ಳಲು ಆಗಲಿಲ್ಲ.

ಯೆಹೂದಿ ಗುರುಗಳು ಇಂಥ ಭಾಗಗಳನ್ನು ಓದಿದ ರೀತಿ ನನ್ನನ್ನು ಬಹಳ ಕಾಲ ಹಿಡಿದು ನಿಲ್ಲಿಸಿದೆ. ಬೈಬಲಿನ ಸಮುವೇಲನ ಮೊದಲ ಪುಸ್ತಕದ 15ನೆಯ ಅಧ್ಯಾಯದಲ್ಲಿ, ಶತ್ರುಜನಾಂಗವಾದ ಅಮಾಲೇಕ್ಯರನ್ನು, ಗಂಡಸರು ಹೆಂಗಸರು ಮೊಲೆಯುಣ್ಣುವ ಕೂಸುಗಳು ದನಕುರಿಗಳು ಎನ್ನದೆ ಕೊಲ್ಲಬೇಕೆಂದು ಇಸ್ರಾಯೇಲರ ರಾಜ ಸೌಲನಿಗೆ ದೇವರ ಆಜ್ಞೆಯಾಗುತ್ತದೆ. ಆ ಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್ ಈ ಜಾಗದಲ್ಲಿ ಸೌಲನ ಬಾಯಿಂದ, ದೊಡ್ಡವರು ಪಾಪ ಮಾಡಿದ್ದರೆ ಮಕ್ಕಳು ಮಾಡಿದ್ದೇನು, ಮನುಷ್ಯರು ಮಾಡಿದ್ದರೆ ಪಶುಗಳು ಮಾಡಿದ್ದೇನು ಎಂದು ಕೇಳಿಸುತ್ತದೆ. ಅತಿಯಾದ ಧರ್ಮಿಷ್ಠನಾಗಬೇಡ ಎಂದು ಆಕಾಶವಾಣಿ ಗದರಿಸುತ್ತದೆ ನಿಜ, ಆದರೆ ಮೂಲದಲ್ಲಿಲ್ಲದ ಆ ಪ್ರಶ್ನೆಯನ್ನು ಹುಟ್ಟಿಸಿ ಬರೆದಿಟ್ಟವರು ಅದೇ ಗ್ರಂಥವನ್ನು ಪವಿತ್ರವೆಂದು ನಂಬಿದ ಗುರುಗಳೇ. ಹಟಮಾರಿ ಮಗನನ್ನು ಊರವರು ಕಲ್ಲೆಸೆದು ಕೊಲ್ಲಬೇಕು ಎಂಬ ಕಟ್ಟಳೆಯ ಬಗ್ಗೆಯಂತೂ, ಅಂಥ ಮಗ ಎಂದೂ ಇರಲಿಲ್ಲ, ಎಂದೂ ಇರುವುದಿಲ್ಲ, ಅಧ್ಯಯನ ಮಾಡಿ ಪುಣ್ಯ ಪಡೆಯಲೆಂದು ಬರೆದಿದೆ ಎಂಬ ಅಭಿಪ್ರಾಯ ಅಲ್ಲಿ ದಾಖಲಾಗಿದೆ. ಅಕ್ಷರವೊಂದನ್ನೂ ಅಳಿಸದೆ ಒಂದು ಜೀವವನ್ನು ಉಳಿಸುವ ಓದು ಇದು. ಆದರೂ ಅಮಾಲೇಕ್ಯರ ಹೆಸರನ್ನು ಇಂದಿನ ಶತ್ರುವಿಗೆ ಅಂಟಿಸುವವರು ತೀರಿಹೋಗಿಲ್ಲ. 1994ರ ಫೆಬ್ರವರಿಯಲ್ಲಿ, ಅಮಾಲೇಕನನ್ನು ನೆನೆಯುವ ಪೂರಿಮ್ ಹಬ್ಬದ ದಿನವೇ, ಹೆಬ್ರಾನಿನಲ್ಲಿ ನಮಾಜಿಗೆ ಸೇರಿದ್ದ 29 ಮಂದಿಯನ್ನು ಒಬ್ಬ ಯೆಹೂದಿ ವ್ಯಕ್ತಿ ಗುಂಡಿಟ್ಟು ಕೊಂದ.

ಗೀತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ನಾವಿಬ್ಬರೂ ಅದರ ಬಗ್ಗೆ ಸಾಕಷ್ಟು ಜಗಳವಾಡಿದ್ದೇವೆ. ಮಂಡಾಲೆಯ ಸೆರೆಮನೆಯಲ್ಲಿ ಬರೆದು 1915ರಲ್ಲಿ ಪ್ರಕಟಿಸಿದ ಭಾಷ್ಯದಲ್ಲಿ ತಿಲಕರು ಅದರಲ್ಲಿ ಕರ್ಮಕ್ಕೆ ಕರೆಯನ್ನು ಕೇಳಿದರು. 1930ರಲ್ಲಿ ತಮ್ಮ ಗುಜರಾತಿ ಅನುವಾದ ಪ್ರಕಟವಾಗುವ ಹೊತ್ತಿಗೆ ಗಾಂಧೀಜಿ ಅದರಲ್ಲಿ ಅನಾಸಕ್ತಿಯನ್ನೂ ಅಹಿಂಸೆಯನ್ನೂ ಕಂಡಿದ್ದರು. ಇವೆರಡಕ್ಕಿಂತ ಹಿಂದಿನ ಒಂದು ಮಾತನ್ನು ಮಾತ್ರ ನೆನಪಿಸುತ್ತೇನೆ. ಎರಡನೆಯ ಅಧ್ಯಾಯದ 18ನೆಯ ಶ್ಲೋಕದಲ್ಲಿ ಬರುವ, ಆದ್ದರಿಂದ ಯುದ್ಧಮಾಡು ಎಂಬುದನ್ನು ಶಂಕರಾಚಾರ್ಯರು ವಿಧಿಯಲ್ಲ, ಅನುವಾದ ಮಾತ್ರ, ಅಂದರೆ ಆಗಲೇ ಇರುವುದನ್ನು ಮತ್ತೆ ಹೇಳಿದ್ದು ಎನ್ನುತ್ತಾರೆ. ಅರ್ಜುನ ಯುದ್ಧಕ್ಕೆ ಆಗಲೇ ಬಂದು ನಿಂತವನು, ಶೋಕಮೋಹಗಳಿಂದ ಸುಮ್ಮನಾದವನು. ಭಗವಂತ ಆ ತಡೆಯನ್ನು ತೆಗೆದನೇ ಹೊರತು ಯುದ್ಧವನ್ನು ಕರ್ತವ್ಯವೆಂದು ವಿಧಿಸಲಿಲ್ಲ ಎಂಬುದು ಅವರ ವಿವರಣೆ. ಅರ್ಜುನನಿಗೆ ಹೇಳಿದ್ದನ್ನು ತನಗೇ ಹೇಳಿದ ಆಜ್ಞೆಯೆಂದು ಎತ್ತಿಕೊಳ್ಳುವವನಿಗೆ ಭಾಷ್ಯಕಾರರಿಂದ ಅಷ್ಟು ಸುಲಭವಾಗಿ ಒಪ್ಪಿಗೆ ಸಿಗುವುದಿಲ್ಲ.

ನನಗೆ ಅತಿ ಹೆಚ್ಚು ಸಂಕಟ ಕೊಡುವ ಕತೆ ನನ್ನದೇ ಪರಂಪರೆಯದು. ಶಿವನು ಜಂಗಮನಾಗಿ ಬಂದು ಮಗನ ಮಾಂಸದ ಅಡಿಗೆ ಬೇಡಿದಾಗ ಶಿವಭಕ್ತ ಸಿರಿಯಾಳನೂ ಅವನ ಹೆಂಡತಿ ಚೆಂಗಳೆಯೂ ಮಗನನ್ನು ಕೊಂದು ಬಡಿಸಿದರು. ಕೊನೆಗೆ ಮಗನನ್ನು ಕರೆ ಎಂದಾಗ ಅವನು ಓಡುತ್ತ ಬರುತ್ತಾನೆ, ಎಲ್ಲರಿಗೂ ಕೈಲಾಸ ದೊರೆಯುತ್ತದೆ. ತಮಿಳಿನ ಪೆರಿಯಪುರಾಣದಲ್ಲಿ ಇದೇ ಭಕ್ತ ವಾತಾಪಿಯನ್ನು, ಅಂದರೆ ನಮ್ಮ ಬಾದಾಮಿಯನ್ನು, ಧೂಳೀಪಟ ಮಾಡಿದ ಪಲ್ಲವರ ಸೇನಾನಿಯೂ ಹೌದು. ದೇವರಿಗಾಗಿ ಮಗನನ್ನು ಬಲಿಕೊಡಲು ಹೊರಟ ಇಬ್ರಾಹಿಮನ ಕತೆ ಇದಕ್ಕೆ ಎಷ್ಟು ಹತ್ತಿರದ್ದೆಂದು ನೋಡು. ಬೈಬಲಿನ ಆದಿಕಾಂಡದಲ್ಲಿ ಕತ್ತಿ ಎತ್ತಿದ ಕೈಯನ್ನು ದೇವದೂತ ತಡೆಯುತ್ತಾನೆ. ಆ ಸುದ್ದಿ ಕೇಳಿ ತಾಯಿ ಸಾರಳ ಪ್ರಾಣ ಹೋಯಿತು ಎಂದು ಯೆಹೂದಿ ಗುರುಗಳು ಸೇರಿಸಿದರು. ಕುರಾನಿನಲ್ಲಿ ತಂದೆ, ನಾನು ಇಂಥ ಕನಸು ಕಂಡೆ, ನಿನಗೆ ಏನನ್ನಿಸುತ್ತದೆ ನೋಡು ಎಂದು ಮಗನನ್ನೇ ಕೇಳುತ್ತಾನೆ. ಬಲಿಯಾಗುವವನನ್ನು ಕೇಳಬೇಕು ಎಂಬ ಒಂದು ಸಣ್ಣ ಜಾಗ ಅಲ್ಲಿ ತೆರೆದಿದೆ. ಚೆಂಗಳೆಯ ಮಗನಿಗೂ ಚೆಂಗಳೆಗೂ ಆ ಜಾಗವನ್ನು ನಾವು ಕೊಟ್ಟಿದ್ದೇವೆಯೇ ಎಂಬ ಪ್ರಶ್ನೆ ನನಗೆ ಪೂಜೆಯಲ್ಲಿ ಕುಳಿತಾಗಲೂ ಬರುತ್ತದೆ. ಇದು ಸರ್ವಸ್ವವನ್ನೂ ಅರ್ಪಿಸುವ ನಿಷ್ಠೆಯ ಸಂಕೇತ ಎಂದು ಹೇಳುವ ಪುರಾಣಿಕರ ಮಾತನ್ನು ನಾನು ಒಪ್ಪುವುದಿಲ್ಲ. ಮಗ ತಂದೆಯ ಆಸ್ತಿಯಲ್ಲ, ಅರ್ಪಿಸಲು.

ಸಿರಿಯಾಳನನ್ನು ಭಕ್ತಿಯಿಂದ ನೆನೆದ ಬಸವಣ್ಣನವರೇ ಯಜ್ಞದ ಹೋತಕ್ಕೆ ಒಂದು ವಚನ ಹೇಳಿದ್ದಾರೆ. ಮಾತು ಮಾತಿಗೂ ನಿನ್ನನ್ನು ಕೊಲ್ಲುತ್ತಾರೆ, ಎಲೆ ಹೋತೇ, ನೀನು ಅಳು. ವೇದವನೋದಿದವರ ಮುಂದೆ ಅಳು, ಶಾಸ್ತ್ರವ ಕೇಳಿದವರ ಮುಂದೆ ಅಳು. ನೀನು ಅತ್ತುದಕ್ಕೆ ತಕ್ಕುದನ್ನು ಕೂಡಲಸಂಗಮದೇವ ಮಾಡುತ್ತಾನೆ. ಗೆಳೆಯ, ಧರ್ಮಗ್ರಂಥಗಳಲ್ಲಿನ ಹಿಂಸೆಯ ಬಗ್ಗೆ ನನಗೆ ಹೇಳಲಿಕ್ಕಿರುವುದೆಲ್ಲ ಈ ವಚನದಲ್ಲಿದೆ. ಗ್ರಂಥವನ್ನು ಓದಿದವನು ಅರ್ಥವನ್ನು ಯಾರ ಮುಂದೆ ಹೇಳುತ್ತಾನೆ? ಸಾಮಾನ್ಯವಾಗಿ ತನ್ನಂತೆಯೇ ಓದಿದವರ ಮುಂದೆ. ಬಸವಣ್ಣನವರು ಆ ಸಭೆಯ ನಡುವೆ ಹೋತವನ್ನು ತಂದು ನಿಲ್ಲಿಸಿದರು. ಸಂಕೇತ ಎನ್ನು, ಸಂದರ್ಭ ಎನ್ನು, ಅನುವಾದ ಎನ್ನು, ಲೀಲೆ ಎನ್ನು; ಅದನ್ನು ಕೊಲ್ಲಲ್ಪಡುವ ಜೀವದ ಎದುರು ನಿಂತು, ಅದರ ಕಣ್ಣು ನೋಡುತ್ತ ಹೇಳಲು ಸಾಧ್ಯವಾದರೆ ಮಾತ್ರ ಅದು ಅರ್ಥವಿವರಣೆ. ಆ ಜೀವ ಅಲ್ಲಿಲ್ಲ ಎಂಬ ಧೈರ್ಯದಿಂದ ಹೇಳಿದ್ದನ್ನು ನಾನು ಒಪ್ಪಲಾರೆ, ಹೇಳಿದವರು ನನ್ನ ಗುರುಗಳೇ ಆಗಿದ್ದರೂ.

ನಮ್ಮ ಜೈನ ಕವಿಗಳು ಇದನ್ನು ಬೇರೆ ರೀತಿಯಲ್ಲಿ ಸಾಧಿಸಿದರು. ಕವಿರಾಜಮಾರ್ಗ ಹೆಸರಿಸುವ ಕೊಪಣನಗರ ಇದೇ ನಮ್ಮ ಕೊಪ್ಪಳ, ಜೈನರ ಮಹಾತೀರ್ಥ. ಪಂಪ 941ರಲ್ಲಿ ಬರೆದ ಆದಿಪುರಾಣದಲ್ಲಿ ಭರತ ಬಾಹುಬಲಿಯರ ಸೇನೆಗಳು ಎದುರಾದಾಗ, ಇವರಿಬ್ಬರಿಗೂ ಸಾವಿಲ್ಲ, ಸಾಯುವುದು ನಡುವಿನ ಜನ ಎಂದು ಮಂತ್ರಿಗಳು ಯೋಚಿಸಿ, ಅಣ್ಣತಮ್ಮಂದಿರು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಮಾತ್ರ ಹೋರಾಡುವಂತೆ ಮಾಡುತ್ತಾರೆ. ಜೈನ ರಾಮಾಯಣಗಳಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ, ಕೊಂದದ್ದಕ್ಕೆ ನರಕಕ್ಕೂ ಹೋಗುತ್ತಾನೆ. ಜನ್ನನ ಯಶೋಧರ ಚರಿತೆಯಲ್ಲಿಯಂತೂ ಬಲಿಕೊಟ್ಟದ್ದು ಹಿಟ್ಟಿನ ಕೋಳಿ, ಆದರೂ ಕತ್ತಿ ಬಿದ್ದಾಗ ಅದು ಕೂಗುತ್ತದೆ, ಸಂಕಲ್ಪದ ಹಿಂಸೆಗಾಗಿ ರಾಜ ಯಶೋಧರನೂ ಅವನ ತಾಯಿಯೂ ಜನ್ಮಜನ್ಮಾಂತರ ಅನುಭವಿಸುತ್ತಾರೆ. ಹಿಂಸೆಯನ್ನು ಸಂಕೇತವಾಗಿ ಓದಿದರೆ ಸಾಕು ಎನ್ನುವವರಿಗೆ ಇದಕ್ಕಿಂತ ಗಟ್ಟಿಯಾದ ಉತ್ತರವನ್ನು ನಾನು ಬೇರೆಲ್ಲಿಯೂ ಓದಿಲ್ಲ.

ಈಗ ಶಂಬೂಕನ ಮಾತು. ತಪಸ್ಸು ಮಾಡಿದ ಶೂದ್ರನ ತಲೆಯನ್ನು ರಾಮ ಕಡಿದ ಉತ್ತರಕಾಂಡದ ಪ್ರಸಂಗವನ್ನು ಕುವೆಂಪು 1944ರಲ್ಲಿ ‘ಶೂದ್ರ ತಪಸ್ವಿ’ ನಾಟಕದಲ್ಲಿ ಬದಲಿಸಿದರು. ಅಲ್ಲಿ ರಾಮ ಬಿಟ್ಟ ಅಸ್ತ್ರ ಶಂಬೂಕನನ್ನು ಬಿಟ್ಟು, ದೂರು ತಂದ ಬ್ರಾಹ್ಮಣನನ್ನೇ ಬೆನ್ನಟ್ಟುತ್ತದೆ. ಹಳೆಯ ಕತೆಯನ್ನು ಹೀಗೆ ಬದಲಿಸುವುದು ಸರಿಯಲ್ಲ ಎಂದು ಮಾಸ್ತಿಯವರು ಆಕ್ಷೇಪಿಸಿದರು. ಆ ಇಬ್ಬರು ಹಿರಿಯರ ವಾದದಲ್ಲಿ ನಾನು ಕುವೆಂಪು ಅವರ ಪಕ್ಷದವನು, ಆದರೆ ಮಾಸ್ತಿಯವರ ಆತಂಕದಲ್ಲಿಯೂ ಹುರುಳಿದೆ. ಮೂಲದಲ್ಲಿ ಶಂಬೂಕ ಸತ್ತಿದ್ದಾನೆ. ಅವನನ್ನು ಬದುಕಿಸಿದ ಕತೆಯನ್ನಷ್ಟೇ ಮಕ್ಕಳಿಗೆ ಹೇಳಿದರೆ, ಅವನು ಸತ್ತದ್ದಕ್ಕೆ ಉತ್ತರ ಕೊಡುವವರು ಯಾರೂ ಇರುವುದಿಲ್ಲ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಬೇಕು.

ನಿನ್ನ ಪರವಾಗಿ ಎಲ್ಲರಿಗಿಂತ ಬಲವಾಗಿ ವಾದಿಸಿದವರು ಅಂಬೇಡ್ಕರ್. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿಯನ್ನು ಸುಡಲಾಯಿತು. 1936ರಲ್ಲಿ ಪ್ರಕಟವಾದ ಜಾತಿವಿನಾಶದ ಭಾಷಣದಲ್ಲಿ ಅವರು, ಶಾಸ್ತ್ರಗಳು ಹಾಗೆ ಹೇಳಿಲ್ಲ ಎಂದು ವ್ಯಾಕರಣದಿಂದ ತೋರಿಸಿ ಪ್ರಯೋಜನವಿಲ್ಲ, ಜನರು ಅವನ್ನು ಹೇಗೆ ಅರ್ಥಮಾಡಿಕೊಂಡಿದ್ದಾರೆ ಎಂಬುದೇ ಮುಖ್ಯ ಎಂದು ವಾದಿಸಿದರು. ಮೇಲೆ ಬರೆದ ಭಾಷ್ಯಕಾರರೆಲ್ಲರ ಎದುರು ಈ ಮಾತನ್ನಿಟ್ಟು ನೋಡು. ಶಂಕರರ ವಾಕ್ಯ ನಮ್ಮ ಹಳ್ಳಿಯ ಕಟ್ಟೆಗೆ ಬಂದಿಲ್ಲ. ಯಾರು ಗುಡಿಯೊಳಗೆ ಹೋಗಬಾರದು, ಯಾರಿಗೆ ಹೋಟೆಲಿನಲ್ಲಿ ಬೇರೆ ಲೋಟ ಎಂಬ ಓದು ಮಾತ್ರ ಬಂದಿದೆ, ಅದು ಜನರ ಮೈಮೇಲೆ ನಡೆದಿದೆ. ಹಾಗಾಗಿ ಪಂಡಿತರ ಪುಸ್ತಕದಲ್ಲಿ ಒಳ್ಳೆಯ ಅರ್ಥವಿದೆ ಎಂದು ಸಮಾಧಾನಪಡುವ ಹಕ್ಕು ನಂಬುವವರಿಗಿಲ್ಲ. ಆ ಅರ್ಥ ಪುರಾಣ ನಡೆಯುವ ಗುಡಿಯ ಮುಂದೆ, ಹೊರಗೆ ನಿಲ್ಲಿಸಲ್ಪಟ್ಟವನು ಒಳಗೆ ಬಂದು ಕುಳಿತಿರುವಾಗ, ದೊಡ್ಡ ದನಿಯಲ್ಲಿ ಕೇಳಬೇಕು.

ಇಲ್ಲಿ ನಮ್ಮ ಗವಿಮಠದ ಬೆಟ್ಟದ ಮೇಲೆ, ಆಚೆ ಪಾಲ್ಕಿಗುಂಡಿನಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನಗಳಿವೆ. ಅವುಗಳಲ್ಲಿ ಕಳಿಂಗದ ಮಾತಿಲ್ಲ. ಅದು ಬರುವುದು ಹದಿಮೂರನೆಯ ಮಹಾಶಿಲಾಶಾಸನದಲ್ಲಿ: ಒಂದೂವರೆ ಲಕ್ಷ ಜನ ಸೆರೆಯಾಗಿ ಸಾಗಿಸಲ್ಪಟ್ಟರು, ಒಂದು ಲಕ್ಷ ಜನ ಹತರಾದರು, ಇದಕ್ಕಾಗಿ ರಾಜ ಪರಿತಪಿಸುತ್ತಾನೆ. ಗೆದ್ದವನು ತಾನೇ ಸತ್ತವರನ್ನು ಎಣಿಸಿದ ಧರ್ಮಲಿಪಿ ಲೋಕದಲ್ಲಿ ಅಪರೂಪ. ಆದರೆ ಕಳಿಂಗದಲ್ಲಿಯೇ, ಧೌಲಿ ಮತ್ತು ಜೌಗಡದಲ್ಲಿ, ಆ ಶಾಸನವನ್ನು ಕೆತ್ತಿಸಲಿಲ್ಲ. ಕಾರಣವೇನೇ ಇರಲಿ, ಗಾಯಗೊಂಡವರ ಮುಂದೆ ಆ ಪಶ್ಚಾತ್ತಾಪವನ್ನು ಓದಲಿಲ್ಲ ಎಂಬುದು ನನಗೆ ಆ ಲಕ್ಷದ ಎಣಿಕೆಯಷ್ಟೇ ಮುಖ್ಯವಾಗಿ ಕಾಣುತ್ತದೆ. ವ್ಯಾಸಭಾರತದ ಸ್ತ್ರೀಪರ್ವದಲ್ಲಿ ಹಾಗಾಗುವುದಿಲ್ಲ. ಮಕ್ಕಳನ್ನು ಕಳೆದುಕೊಂಡ ಧೃತರಾಷ್ಟ್ರನೇ ಕೇಳುತ್ತಾನೆ, ಯುಧಿಷ್ಠಿರ ಅವನ ಮುಂದೆಯೇ 166 ಕೋಟಿ 20 ಸಾವಿರ ಎಂದು ಲೆಕ್ಕ ಕೊಡಬೇಕಾಗುತ್ತದೆ. ಗಾಂಧಾರಿ ಶವಗಳ ನಡುವೆ ನಿಂತು, ತಡೆಯಬಹುದಾಗಿದ್ದೂ ತಡೆಯಲಿಲ್ಲವೆಂದು ಕೃಷ್ಣನನ್ನೇ ಶಪಿಸುತ್ತಾಳೆ, ಕೃಷ್ಣ ಆ ಶಾಪವನ್ನು ಒಪ್ಪಿಕೊಳ್ಳುತ್ತಾನೆ. ಮುದ್ಗಲ್ಲಿನ ಮೊಹರಂನಲ್ಲಿ 680ರ ಕರ್ಬಲಾದ ಸಾವನ್ನು ಹಾಡಿ ಅಳುವವರಲ್ಲಿ ಹಿಂದೂಗಳೂ ಇರುತ್ತಾರೆ, ನೀನೂ ಕಂಡಿದ್ದೀಯ. ಸತ್ತವರ ಕಡೆಗೆ ನಿಂತು ನೆನೆಯುವ ಜನ ಆ ಕತೆಯಿಂದ ಬೇರೆ ಪಾಠ ಕಲಿಯುತ್ತಾರೆ.

ಇಂಥ ಭಾಗಗಳನ್ನು ಕಿತ್ತುಹಾಕಬಾರದೇಕೆ ಎಂದು ನೀನು ಕೊನೆಯಲ್ಲಿ ಕೇಳಿರುವೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಕ್ಯಾಥೊಲಿಕರು ತಮ್ಮ ನಿತ್ಯಪ್ರಾರ್ಥನೆಯ ಗ್ರಂಥದಿಂದ ಶಾಪದ ಮೂರು ಕೀರ್ತನೆಗಳನ್ನು ಕೈಬಿಟ್ಟರು, ಬೈಬಲಿನಲ್ಲಿ ಉಳಿಸಿಕೊಂಡರು. ಪ್ರಾರ್ಥನೆಯ ಮಟ್ಟಿಗೆ ಅದು ಸರಿ ಎಂದು ನನ್ನ ಅಭಿಪ್ರಾಯ. ಗ್ರಂಥದಿಂದಲೇ ತೆಗೆಯುವುದಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಈ ಭಾಗಗಳನ್ನು ಓದಿ ಸಂಕಟಪಡುವವರೆಲ್ಲ ಎದ್ದುಹೋದರೆ, ಗ್ರಂಥ ಉಳಿಯುವುದು ಸಂಕಟಪಡದವರ ಕೈಯಲ್ಲಿ. ನಿನ್ನಂಥವರು ಎದ್ದುಹೋದದ್ದರಿಂದ ನಮ್ಮ ಊರಿನ ಸಭೆ ಬಡವಾಗಿದೆ ಎಂದು ನಾನು ಮನಸಾರೆ ನಂಬಿದ್ದೇನೆ.

ನಮ್ಮೂರಲ್ಲಿ ಬರುವ ಶ್ರಾವಣಕ್ಕೆ ಭಾರತ ಹಚ್ಚುವ ಮಾತು ನಡೆದಿದೆ. ಯುದ್ಧ ಮುಗಿದ ಕೂಡಲೇ ಪಟ್ಟಾಭಿಷೇಕಕ್ಕೆ ಹಾರುವುದು ಇಲ್ಲಿಯ ರೂಢಿ. ಗಾಂಧಾರಿಯ ಅಳಲನ್ನು ಬಿಡದೆ ಓದಿಸಬೇಕೆಂದು ಹಿರಿಯರನ್ನು ಕೇಳಿದ್ದೇನೆ. ಮಂಗಲದ ಹೊತ್ತಿನಲ್ಲಿ ಶಾಪ ಓದುವುದು ಬೇಡವೆಂದು ಕೆಲವರು ಅನುಮಾನಿಸುತ್ತಿದ್ದಾರೆ, ಕೇರಿಯವರನ್ನು ಕಟ್ಟೆಯ ಮೇಲೆ ಕೂರಿಸುವ ವಿಷಯದಲ್ಲಿ ಇನ್ನೂ ಕೆಲವರು. ಮಾತುಕತೆ ಮುಂದುವರಿದಿದೆ. ಒಪ್ಪಿದರೆ ಅರ್ಥ ಹೇಳುವ ಕೆಲಸ ಆ ಒಂದು ದಿನ ನಿನ್ನದಾಗಬೇಕು ಎಂಬುದು ನನ್ನ ಆಸೆ. ನೀನು ನಂಬುವುದಿಲ್ಲ ಎಂಬುದನ್ನು ಅವರಿಗೆ ಹೇಳಿದ್ದೇನೆ. ದಿನ ಗೊತ್ತಾದ ಕೂಡಲೇ ತಿಳಿಸುತ್ತೇನೆ.

ಇಂತಿ ನಿನ್ನ,
ಗೆಳೆಯ